ಬಝರ್‌ಬೀಟರ್: ಹೊಸ ಮ್ಯಾನೇಜರ್ ಆಟಗಾರರನ್ನು ಬೆಳೆಸುವುದು ಹೇಗೆ?

ಬಝರ್‌ಬೀಟರ್ ಅಂದ್ರೆ ಬ್ರೌಸರ್‌ನಲ್ಲೇ ಆಡುವ ಬಾಸ್ಕೆಟ್‌ಬಾಲ್ ಮ್ಯಾನೇಜರ್ ಆಟ. 2007ರಿಂದ ನಡೆಯುತ್ತಿದೆ. ಇಲ್ಲಿ ನೀವು ಚೆಂಡು ಎಸೆಯುವುದಿಲ್ಲ. ತಂಡ ಕಟ್ಟುತ್ತೀರಿ, ದುಡ್ಡು ನೋಡಿಕೊಳ್ಳುತ್ತೀರಿ, ಯಾರು ಎಲ್ಲಿ ಆಡಬೇಕು ಅಂತ ಹೇಳುತ್ತೀರಿ, ಪಂದ್ಯ ತಾನಾಗಿ ನಡೆಯುತ್ತದೆ. ತುಂಬಾ ನಿಧಾನದ ಆಟ, ಆದರೆ ಆ ನಿಧಾನದಲ್ಲೇ ಇದರ ರುಚಿ ಇದೆ. ಹೆಸರೇ ಇಲ್ಲದ 18 ವರ್ಷದ ಹುಡುಗನೊಬ್ಬ ನಿಮ್ಮ ಕೈಯಲ್ಲಿ ಸೀಸನ್ನಿಂದ ಸೀಸನ್ನಿಗೆ ಬೆಳೆಯುತ್ತಾ ಹೋಗುವುದನ್ನು ನೋಡುವ ಖುಷಿಗೆ ಬೇರೆ ಸಾಟಿ ಇಲ್ಲ.

ಹೊಸಬರು ಎಡವುವುದು ಸಾಮಾನ್ಯವಾಗಿ ಒಂದೇ ಕಡೆ. ಟ್ರೈನಿಂಗ್ ಪುಟಕ್ಕೆ ಹೋಗಿ ಒಂದು ಕೌಶಲ ಆರಿಸಿದರೆ ಕೆಲಸ ಮುಗಿಯಿತು ಅಂದುಕೊಳ್ಳುತ್ತಾರೆ. ಮುಗಿಯುವುದಿಲ್ಲ. ಯಾರಿಗೆ ಎಷ್ಟು ತರಬೇತಿ ಸಿಗಬೇಕು ಅನ್ನುವುದು ತೀರ್ಮಾನವಾಗುವುದು ಪಂದ್ಯದಲ್ಲಿ ಅವನು ಆಡಿದ ನಿಮಿಷಗಳಿಂದ. ಹಾಗಾಗಿ ಟ್ರೈನಿಂಗ್ ಪುಟಕ್ಕಿಂತ ಲೈನಪ್ ಪುಟದ ಮೇಲೆ, ಅಂದ್ರೆ ಯಾರು ಯಾವ ಸ್ಥಾನದಲ್ಲಿ ಆಡಬೇಕು ಅಂತ ಬರೆಯುವ ಪುಟದ ಮೇಲೆ, ಜಾಸ್ತಿ ಗಮನ ಇರಲಿ.

ಮೊದಲ ಹೆಜ್ಜೆ: ಹುಡುಗರನ್ನು ಆರಿಸಿ

ತಂಡ ಸಿಕ್ಕ ತಕ್ಷಣ ಇರುವವರನ್ನೆಲ್ಲ ಬೆಳೆಸೋಣ ಅನಿಸುತ್ತದೆ. ಬೇಡ. 27, 28ರ ಆಟಗಾರರು ಇವತ್ತಿನ ಪಂದ್ಯ ಗೆಲ್ಲಿಸಲಿ, ತರಬೇತಿ ಚಿಕ್ಕವರಿಗೆ ಇರಲಿ. ವಯಸ್ಸು ಏರಿದಂತೆ ಕಲಿಯುವ ವೇಗ ಇಳಿಯುತ್ತದೆ, 18–19ರ ಹುಡುಗ ಒಂದು ಸೀಸನ್‌ನಲ್ಲಿ ಏರಿದಷ್ಟು 25 ದಾಟಿದವನು ಏರುವುದಿಲ್ಲ. ಡ್ರಾಫ್ಟ್‌ನಲ್ಲಿ, ಅಂದ್ರೆ ಹೊಸ ಹುಡುಗರನ್ನು ತಂಡಗಳಿಗೆ ಹಂಚುವಾಗ, ಸಿಗುವವರು ಇದೇ ವಯಸ್ಸಿನವರು. ಸಾಲದಿದ್ದರೆ ಬೇರೆ ತಂಡಗಳು ಮಾರಾಟಕ್ಕಿಟ್ಟವರ ಟ್ರಾನ್ಸ್‌ಫರ್ ಪಟ್ಟಿಯಲ್ಲಿ ವಯಸ್ಸು ಹಾಕಿ ಹುಡುಕಿ.

ಆಮೇಲೆ ಪೊಟೆನ್ಷಿಯಲ್ ನೋಡಿ. ಒಬ್ಬ ಆಟಗಾರ ಎಲ್ಲಿಯವರೆಗೆ ಬೆಳೆಯಬಲ್ಲ ಅನ್ನುವ ಮಿತಿ ಅದು. ತಳದಲ್ಲಿ ಅನೌನ್ಸರ್, ತುದಿಯಲ್ಲಿ ಆಲ್ ಟೈಮ್ ಗ್ರೇಟ್. ಮಿತಿ ಮುಟ್ಟಿದ ಮೇಲೂ ತರಬೇತಿ ಪೂರ್ತಿ ನಿಲ್ಲುವುದಿಲ್ಲ, ಆದರೆ ಎಷ್ಟು ಕುಂಟುತ್ತದೆ ಅಂದ್ರೆ ಮುಂದುವರಿಸುವುದರಲ್ಲಿ ಅರ್ಥ ಉಳಿಯುವುದಿಲ್ಲ. ಹೊಸಬರಿಗೆ ಸ್ಟಾರ್ ಅಥವಾ ಆಲ್‌ಸ್ಟಾರ್ ಮಟ್ಟದ ಹುಡುಗ ಸಾಕು ಅನ್ನುವುದು ನನ್ನ ಅಭಿಪ್ರಾಯ. ಅದಕ್ಕೂ ಮೇಲಿನ ಎಂವಿಪಿ ಮಟ್ಟದವನಿಗೆ ಹರಾಜಿನಲ್ಲಿ ಇದ್ದಬದ್ದ ದುಡ್ಡೆಲ್ಲ ಸುರಿಯಬೇಡಿ. ಅವನನ್ನು ಆ ಎತ್ತರಕ್ಕೆ ಒಯ್ಯಲು ಹಲವು ಸೀಸನ್ ಬೇಕು, ಅಷ್ಟು ದಿನ ಸಾಕಲು ದುಡ್ಡೂ ಬೇಕು. ಚಿಕ್ಕ ಕ್ಲಬ್ಬಿಗೆ ಅದು ಭಾರ.

ಎತ್ತರವನ್ನೂ ಮರೆಯಬೇಡಿ. ಕುಳ್ಳಗಿರುವವರು ಹೊರಗಿನ (ಬುಟ್ಟಿಯಿಂದ ದೂರ ಆಡುವ) ಕೌಶಲಗಳನ್ನು, ಅಂದ್ರೆ ಜಂಪ್ ಶಾಟ್, ಹ್ಯಾಂಡ್ಲಿಂಗ್, ಪಾಸಿಂಗ್, ಔಟ್‌ಸೈಡ್ ಡಿಫೆನ್ಸ್ ಇಂಥವನ್ನು ಬೇಗ ಕಲಿಯುತ್ತಾರೆ. ಉದ್ದಗಿರುವವರು ರಿಬೌಂಡಿಂಗ್, ಇನ್‌ಸೈಡ್ ಶಾಟ್, ಇನ್‌ಸೈಡ್ ಡಿಫೆನ್ಸ್ ಬೇಗ ಕಲಿಯುತ್ತಾರೆ. ಆದ್ದರಿಂದ 6 ಅಡಿಯ ಹುಡುಗರನ್ನೂ 6 ಅಡಿ 11 ಇಂಚಿನವರನ್ನೂ ಒಟ್ಟಿಗೆ ತರಬೇತಿಗೆ ಹಾಕಬೇಡಿ. ಒಂದೇ ಅಳತೆಯ, ಒಂದೇ ವಯಸ್ಸಿನ ಗುಂಪು ಮಾಡಿಕೊಳ್ಳಿ, ಹೊರಗೆ ಆಡುವ ಗಾರ್ಡ್‌ಗಳೋ ಬುಟ್ಟಿಯ ಹತ್ತಿರ ಆಡುವ ದೊಡ್ಡಾಳುಗಳೋ ಯಾವುದಾದರೂ ಒಂದು. ಎರಡೂ ಬೇಕು ಅಂದ್ರೆ ಎರಡೂ ಅರ್ಧಂಬರ್ಧ ಆಗುತ್ತದೆ.

ಎರಡನೇ ಹೆಜ್ಜೆ: ನಿಮಿಷಗಳ ಲೆಕ್ಕ

ಇದೇ ಮುಖ್ಯವಾದದ್ದು, ಸ್ವಲ್ಪ ನಿಧಾನವಾಗಿ ಓದಿ.

ಸಾಮಾನ್ಯವಾಗಿ ವಾರಕ್ಕೆ 3 ಪಂದ್ಯ. 2 ಲೀಗ್ ಪಂದ್ಯ, ಇನ್ನೊಂದು ಕಪ್ ಅಥವಾ ಅಭ್ಯಾಸ ಪಂದ್ಯ. ಒಂದು ಪಂದ್ಯಕ್ಕೆ 48 ನಿಮಿಷ. ತರಬೇತಿ ನಡೆಯುವುದು ವಾರಕ್ಕೊಮ್ಮೆ, ಶುಕ್ರವಾರ. ಆ ವಾರ ನೀವು ಆರಿಸಿದ ಸ್ಥಾನದಲ್ಲಿ ಒಬ್ಬ ಆಟಗಾರ 48 ನಿಮಿಷ ಆಡಿದ್ದರೆ ಅವನಿಗೆ ಪೂರ್ತಿ ತರಬೇತಿ. ಕಮ್ಮಿ ಆಡಿದ್ದರೆ ತರಬೇತಿಯೂ ಕಮ್ಮಿ, 48 ದಾಟಿದರೆ ಹೆಚ್ಚಿಗೆ ಏನೂ ಸಿಗುವುದಿಲ್ಲ.

ಈಗ ಗುಣಿಸಿ ನೋಡಿ. ಒಂದು ಸ್ಥಾನಕ್ಕೆ ವಾರಕ್ಕೆ 144 ನಿಮಿಷ, ಅಂದ್ರೆ 3 ಹುಡುಗರು. ಎರಡು ಸ್ಥಾನಕ್ಕೆ 288 ನಿಮಿಷ, ಅಂದ್ರೆ 6 ಹುಡುಗರು. ಒಂದೇ ಸ್ಥಾನಕ್ಕೆ ಕೊಡುವ ತರಬೇತಿ ವೇಗವಾಗಿ ಹತ್ತುತ್ತದೆ, ಎರಡಕ್ಕೆ ಹಂಚಿದರೆ ನಿಧಾನ, ಇಡೀ ತಂಡಕ್ಕೆ ಹಂಚಿದರೆ ಇನ್ನೂ ನಿಧಾನ. ಇಡೀ ತಂಡದ ಆಯ್ಕೆ ನೋಡಲು ಆಕರ್ಷಕವಾಗಿದೆ, ಎಲ್ಲರಿಗೂ ಸಿಗುತ್ತದಲ್ವಾ ಅನಿಸುತ್ತದೆ, ಆದರೆ ಮದುವೆ ಮನೆಯಲ್ಲಿ ಒಂದು ಲೋಟ ಪಾಯಸವನ್ನು ನೂರು ಎಲೆಗೆ ಬಡಿಸಿದ ಹಾಗೆ, ಯಾರ ಬಾಯಿಗೂ ರುಚಿ ಹತ್ತುವುದಿಲ್ಲ.

ನಿಮಿಷ ಕೊಡುವುದು ಹೇಗೆ? ಲೈನಪ್‌ನಲ್ಲಿ ಪ್ರತಿ ಸ್ಥಾನಕ್ಕೂ ಸ್ಟಾರ್ಟರ್, ಬ್ಯಾಕಪ್, ರಿಸರ್ವ್ ಅಂತ ಮೂರು ಖಾನೆ ಇರುತ್ತವೆ. ಮೂರರಲ್ಲೂ ಒಬ್ಬನದೇ ಹೆಸರು ಹಾಕಿ, ನೀವು ಬರೆದ ಪಟ್ಟಿಯನ್ನೇ ಕಟ್ಟುನಿಟ್ಟಾಗಿ ಪಾಲಿಸಬೇಕು ಅನ್ನುವ ಆಯ್ಕೆ ಒತ್ತಿದರೆ ಅವನು ಪೂರ್ತಿ ಪಂದ್ಯ ಅಲ್ಲೇ ಆಡುತ್ತಾನೆ. ಗಾಯವಾದರೆ, ಫೌಲ್ ಜಾಸ್ತಿಯಾಗಿ ಹೊರಗೆ ಬಿದ್ದರೆ ಮಾತ್ರ ಲೆಕ್ಕ ತಪ್ಪುತ್ತದೆ. ಅದಕ್ಕೇ ವಾರದ ಕೊನೆಯ ಪಂದ್ಯಕ್ಕೆ ಲೈನಪ್ ಹಾಕುವ ಮೊದಲು ಪ್ರತಿ ಹುಡುಗನ ನಿಮಿಷ ಎಷ್ಟಾಗಿದೆ ಅಂತ ನೋಡಿ, ಕೊರತೆ ಇದ್ದರೆ ಅಲ್ಲೇ ತುಂಬಿಸಿ.

ಕಪ್‌ನಿಂದ ಹೊರಬಿದ್ದಿದ್ದೀರಾ? ಹಾಗಾದರೆ ಅಭ್ಯಾಸ ಪಂದ್ಯವನ್ನು ನೀವೇ ಬೇರೆ ತಂಡವನ್ನು ಕೇಳಿ ಗೊತ್ತುಮಾಡಬೇಕು. ಇದನ್ನು ಮರೆತ ವಾರ 48 ನಿಮಿಷ ಹೋಯಿತು, ಒಬ್ಬ ಹುಡುಗನ ಇಡೀ ವಾರ ಹೋಯಿತು.

ಮೂರನೇ ಹೆಜ್ಜೆ: ಏನು ಕಲಿಸಬೇಕು

ಹೊಸಬರಿಗೆ ನಾನು ಹೇಳುವುದು ಗಾರ್ಡ್‌ಗಳಿಗೆ ಒನ್ ಆನ್ ಒನ್ ತರಬೇತಿ. ಇದು ಎರಡು ಸ್ಥಾನಕ್ಕೆ ಸಿಗುತ್ತದೆ, ಪಾಯಿಂಟ್ ಗಾರ್ಡ್ ಮತ್ತು ಶೂಟಿಂಗ್ ಗಾರ್ಡ್, ಅಂದ್ರೆ 6 ಹುಡುಗರು. ಡ್ರೈವಿಂಗ್, ಹ್ಯಾಂಡ್ಲಿಂಗ್ ಜೊತೆಗೆ ಜಂಪ್ ಶಾಟ್ ಕೂಡ ಸ್ವಲ್ಪ ಏರುತ್ತದೆ. ಫಲ ಬೇಗ ಕಾಣುವುದರಿಂದ ಆಟದ ಮೇಲೆ ಆಸಕ್ತಿ ಉಳಿಯುತ್ತದೆ, ಶುರುವಿನಲ್ಲಿ ಇದೂ ಮುಖ್ಯವೇ. ಔಟ್‌ಸೈಡ್ ಡಿಫೆನ್ಸ್‌ಗೆ ಪ್ರೆಷರ್ ಅನ್ನುವ ತರಬೇತಿ ಇದೆ, ನಿಧಾನವಾಗಿ ಏರುವ ಕೌಶಲ ಅದು, ಆದರೆ ಒಳ್ಳೆಯ ಗಾರ್ಡ್‌ಗೆ ಅದಿಲ್ಲದೆ ಆಗುವುದೇ ಇಲ್ಲ. ಅದನ್ನು ಆಮೇಲೆ ಒಂದೇ ಸ್ಥಾನಕ್ಕೆ, ಉಳಿದವರಲ್ಲಿ ಒಳ್ಳೆಯ 3 ಹುಡುಗರನ್ನು ಇಟ್ಟುಕೊಂಡು, ತಾಳ್ಮೆಯಿಂದ ಮಾಡಿ.

ಒಂದು ಕೌಶಲ ಮೇಲೆ ಹೋದಷ್ಟೂ ಮುಂದಿನ ಮೆಟ್ಟಿಲು ಕಷ್ಟ. ಆಟದಲ್ಲಿ ಕೌಶಲದ ಮಟ್ಟಗಳಿಗೆ ಹೆಸರಿದೆ: ಮೀಡಿಯೋಕರ್ ಅಂದ್ರೆ 5, ರೆಸ್ಪೆಕ್ಟಬಲ್ ಅಂದ್ರೆ 7, ಪ್ರಾಮಿನೆಂಟ್ ಅಂದ್ರೆ 10. 5ರಿಂದ 7ಕ್ಕೆ ಹೋಗುವಷ್ಟು ಸಲೀಸಾಗಿ 10ರಿಂದ 12ಕ್ಕೆ ಹೋಗುವುದಿಲ್ಲ. ಅದಲ್ಲದೆ ಕೌಶಲಗಳು ಒಂದನ್ನೊಂದು ಎಳೆಯುತ್ತವೆ, ಒಂದು ತೀರಾ ಕೆಳಗೆ ಉಳಿದಿದ್ದರೆ ಅದರ ಜೊತೆಯದೂ ನಿಧಾನವಾಗುತ್ತದೆ. ಹಾಗಾಗಿ ಒಂದನ್ನೇ ಆಕಾಶಕ್ಕೆ ಏರಿಸುವ ಆಸೆ ಬಿಟ್ಟು ನಾಲ್ಕೈದನ್ನು ಜೊತೆಗೆ ಬೆಳೆಸಿ.

ಇದಕ್ಕೆ ಇನ್ನೊಂದು ಕಾರಣ ಸಂಬಳ. ಇನ್‌ಸೈಡ್ ಶಾಟ್, ಇನ್‌ಸೈಡ್ ಡಿಫೆನ್ಸ್, ರಿಬೌಂಡಿಂಗ್ ಇವು ಏರಿದಂತೆ ಸೆಂಟರ್‌ನ (ಬುಟ್ಟಿಯ ಹತ್ತಿರ ಆಡುವ ದೊಡ್ಡಾಳಿನ) ಸಂಬಳ ಜೋರಾಗಿ ಏರುತ್ತದೆ. ಅದೇ ಸೆಂಟರ್‌ಗೆ ಪಾಸಿಂಗ್, ಹ್ಯಾಂಡ್ಲಿಂಗ್ ಕಲಿಸಿದರೆ ಸಂಬಳಕ್ಕೆ ಅಷ್ಟು ಪೆಟ್ಟು ಬೀಳುವುದಿಲ್ಲ, ಆಟ ಮಾತ್ರ ಸುಧಾರಿಸುತ್ತದೆ. ನಿಜವಾದ ಬಾಸ್ಕೆಟ್‌ಬಾಲ್‌ನಲ್ಲಿ ನಿಕೋಲಾ ಯೋಕಿಚ್ ಸೆಂಟರ್ ಆಗಿದ್ದೂ ಪಾಸ್ ಕೊಡುವುದರಲ್ಲಿ ಗಾರ್ಡ್‌ಗಳನ್ನೇ ಮೀರಿಸುವುದನ್ನು ನೋಡಿದವರಿಗೆ ಇದರ ಬೆಲೆ ಗೊತ್ತು. ಆಟಗಾರನ ಹೆಸರಿನ ಪಕ್ಕ ಯಾವ ಸ್ಥಾನ ಬರೆದಿದೆಯೋ ಅಲ್ಲೇ ಆಡಿಸಬೇಕು ಅಂತ ನಿಯಮ ಇಲ್ಲ, ಉದ್ದದ ಹುಡುಗನಿಗೆ ಪಾಸಿಂಗ್ ಬೇಕಿದ್ದರೆ ಅವನನ್ನು ಪಾಯಿಂಟ್ ಗಾರ್ಡ್ ಜಾಗದಲ್ಲಿ ನಿಲ್ಲಿಸಿ. ಆ ಪಂದ್ಯ ಸೋಲಬಹುದು. ಅದಕ್ಕೇ ಇಂಥದ್ದನ್ನೆಲ್ಲ ಅಭ್ಯಾಸ ಪಂದ್ಯದಲ್ಲಿ, ಅಥವಾ ಲೀಗ್‌ನ ತೀರಾ ದುರ್ಬಲ ತಂಡದ ಎದುರು ಮಾಡಿ.

ಟ್ರೈನರ್, ಗೇಮ್ ಶೇಪ್

ಟ್ರೈನರ್‌ನ ಮಟ್ಟ ಹೆಚ್ಚಿದ್ದಷ್ಟು ತರಬೇತಿ ಬೇಗ. ಆದರೆ ಸಿಬ್ಬಂದಿಯ ಸಂಬಳ ವಾರ ವಾರ ಏರುತ್ತಾ ಹೋಗುತ್ತದೆ. ಮೊದಲ ಸೀಸನ್‌ಗಳಲ್ಲಿ ಮಟ್ಟ 4ರ ಟ್ರೈನರ್ ಸಾಕು, 7ರವನ ಆಸೆಗೆ ಬೀಳಬೇಡಿ. ಇವನ ಸಂಬಳ ಹೊರಲಾರದಷ್ಟು ಏರಿದಾಗ ಅದೇ ಮಟ್ಟದ ಇನ್ನೊಬ್ಬನನ್ನು ತನ್ನಿ.

ಗೇಮ್ ಶೇಪ್, ಅಂದ್ರೆ ಆಟಗಾರ ಎಷ್ಟು ಹುರುಪಿನಲ್ಲಿದ್ದಾನೆ ಅನ್ನುವುದು, ಬೇರೆ ವಿಷಯ, ಆದರೆ ನಿಮಿಷಕ್ಕೇ ಅಂಟಿಕೊಂಡಿದೆ. ವಾರದಲ್ಲಿ ತೀರಾ ಕಮ್ಮಿ ಆಡಿದವನೂ ಸೊರಗುತ್ತಾನೆ, ತೀರಾ ಜಾಸ್ತಿ ಆಡಿದವನೂ ದಣಿಯುತ್ತಾನೆ. 50ರಿಂದ 70 ನಿಮಿಷದ ನಡುವೆ ಇಟ್ಟುಕೊಂಡರೆ ಸಾಮಾನ್ಯವಾಗಿ ಚೆನ್ನಾಗಿರುತ್ತಾನೆ. ಒಂದು ಉಪಾಯ ಇದೆ: ತರಬೇತಿಯ ಸ್ಥಾನದಲ್ಲಿ 48 ಆಡಿಸಿ, ಮೇಲಿನ 10–15 ನಿಮಿಷ ಬೇರೆ ಸ್ಥಾನದಲ್ಲಿ ಬ್ಯಾಕಪ್ ಆಗಿ ಕೊಡಿ. ಆ ನಿಮಿಷ ತರಬೇತಿಗೆ ಲೆಕ್ಕಕ್ಕಿಲ್ಲ, ಗೇಮ್ ಶೇಪ್‌ಗೆ ಲೆಕ್ಕ ಇದೆ, ಮುಖ್ಯ ಜಾಗದ ನಿಮಿಷ ಇನ್ನೊಬ್ಬ ಹುಡುಗನಿಗೆ ಉಳಿಯುತ್ತದೆ.

ಶುಕ್ರವಾರದ ನಂತರ

ಶುಕ್ರವಾರ ನೋಡಿದಾಗ ಕೆಲವರ ಕೌಶಲ ಏರಿರುತ್ತದೆ, ಕೆಲವರದು ಇದ್ದಲ್ಲೇ ಇರುತ್ತದೆ. ಬೇಸರ ಬೇಡ. ಆಟ ನಿಮಗೆ ತೋರಿಸುವುದು ಪೂರ್ಣ ಮಟ್ಟವನ್ನು ಮಾತ್ರ, ಒಳಗಿನ ಚಿಲ್ಲರೆ ಏರಿಕೆ ಕಾಣುವುದಿಲ್ಲ. ಎರಡು ವಾರ ಏನೂ ಆಗಿಲ್ಲ ಅಂತ ತರಬೇತಿ ಬದಲಿಸಿದರೆ ಏರುವ ಅಂಚಿಗೆ ಬಂದವನನ್ನು ಅಲ್ಲೇ ಬಿಟ್ಟ ಹಾಗೆ. ಒಂದು ಪುಸ್ತಕದಲ್ಲೋ ಎಕ್ಸೆಲ್‌ನಲ್ಲೋ ಯಾರಿಗೆ ಯಾವ ವಾರ ಎಷ್ಟು ನಿಮಿಷ, ಯಾವುದು ಏರಿತು ಅಂತ ಬರೆದಿಡಿ. ಕೆಲವೇ ವಾರದಲ್ಲಿ ಯಾವ ಹುಡುಗ ಬೇಗ ಕಲಿಯುತ್ತಿದ್ದಾನೆ ಅನ್ನುವುದು ಅದರಲ್ಲೇ ಕಾಣುತ್ತದೆ.

ಒಂದು ಸೀಸನ್ ಅಂದ್ರೆ 14 ವಾರ. ಸಂಬಳ ಹೊಸದಾಗಿ ನಿಗದಿಯಾಗುವುದು ಸೀಸನ್ ಬದಲಾಗುವಾಗ, ನಡುವೆ ಎಷ್ಟೇ ಕಲಿತರೂ ಹಳೆಯ ಸಂಬಳವೇ ನಡೆಯುತ್ತದೆ. ಆದ್ದರಿಂದ ಸೀಸನ್ ಮುಗಿಯುವ ಎರಡು ಮೂರು ವಾರ ಮೊದಲೇ ಕುಳಿತು ನೋಡಿ. 6 ಹುಡುಗರಲ್ಲಿ ಯಾರ ಪೊಟೆನ್ಷಿಯಲ್ ತುಂಬುತ್ತಾ ಬಂದಿದೆ, ಯಾರ ಹೊಸ ಸಂಬಳ ನಿಮ್ಮ ವಾರದ ಆದಾಯಕ್ಕೆ ಮೀರುತ್ತದೆ ಅಂತ ಲೆಕ್ಕ ಹಾಕಿ. ಅಂಥವರನ್ನು ಮಾರಿ, ಬಂದ ದುಡ್ಡಿನಲ್ಲಿ ಉಳಿದವರ ಜೊತೆಗೆ ಹೊಂದುವ ಮತ್ತೊಬ್ಬ 18ರ ಹುಡುಗನನ್ನು ತಂದು, ಮುಂದಿನ ಪಂದ್ಯದ ಲೈನಪ್‌ನಲ್ಲೇ ಅವನ ಹೆಸರು ಸೇರಿಸಿ.