ಅಟ್ಟದ ಮೇಲಿಟ್ಟ ಬಾಟಲಿ ಮಾಗುವುದಿಲ್ಲ, ಕೆಡುತ್ತದೆ

ಈ ಸಲ ಮೇ ತಿಂಗಳಲ್ಲಿ ಅಣ್ಣನ ಮಗ ಬೆಂಗಳೂರಿನಿಂದ ಬಂದಿದ್ದ. ಊಟಕ್ಕೆ ಮೊದಲು ಅಟ್ಟ ಹತ್ತಿ ಒಂದು ಬಾಟಲಿ ಇಳಿಸಿಕೊಂಡು ಬಂದ. ಎರಡು ವರ್ಷದ ಹಿಂದೆ ತಾನೇ ಇಟ್ಟು ಹೋಗಿದ್ದನಂತೆ, ನನಗೊಂದು ಮಾತೂ ಹೇಳದೆ. ಬೆಲ್ಜಿಯಂನ ಕಪ್ಪು ಏಲ್, ಅದೂ ಬಿಯರಿನ ಒಂದು ಜಾತಿ, ಒಳ್ಳೇ ದುಡ್ಡು ಕೊಟ್ಟು ತಂದದ್ದು. "ಅತ್ತೆ, ಹಳೇದಾದಷ್ಟೂ ರುಚಿ ಜಾಸ್ತಿ ಅಲ್ವಾ?" ಅಂದ. ಮುಚ್ಚಳ ನೋಡಿದರೆ ಅಂಚಿಗೆಲ್ಲ ತುಕ್ಕು. ತೆಗೆದರೆ ಮಳೆಯಲ್ಲಿ ನೆನೆದ ರಟ್ಟಿನ ವಾಸನೆ. ಅಷ್ಟೂ ಬಚ್ಚಲಿಗೆ ಹೋಯಿತು. ಆ ದಿನ ನನಗೆ ಊಟವೇ ಸೇರಲಿಲ್ಲ.

ಕಾರವಾರದ ಹಂಚಿನ ಮನೆಯ ಅಟ್ಟ ಅಂದರೆ ಏನು ಅಂತ ಈ ಹುಡುಗರಿಗೆ ಗೊತ್ತಿಲ್ಲವೇ? ಏಪ್ರಿಲ್‌ನಲ್ಲಿ ಅಲ್ಲಿ ಹಪ್ಪಳ ಹರಡಿದರೆ ಸಂಜೆಗೆ ಒಣಗಿರುತ್ತದೆ. ಅಂಥ ಜಾಗದಲ್ಲಿ ಎರಡು ಬೇಸಿಗೆ ಕಳೆದ ಬಾಟಲಿ ಮಾಗುವುದು ಹೇಗೆ? ಒಳಗೇ ಬೇಯುತ್ತದೆ.

ನಮ್ಮನೆಯವರು ಹಡಗಿನಲ್ಲಿದ್ದವರು. ಆಂಟ್ವರ್ಪ್ ಬಂದರಿಗೆ ಹೋದಾಗಲೆಲ್ಲ ಎರಡೋ ಮೂರೋ ಬಾಟಲಿ ಸ್ವೆಟರಿನಲ್ಲಿ ಸುತ್ತಿ ತರುತ್ತಿದ್ದರು. ಒಂದನ್ನು ಬಂದ ವಾರವೇ ಇಬ್ಬರೂ ಹಂಚಿಕೊಂಡು ಕುಡಿಯುತ್ತಿದ್ದೆವು. ಉಳಿದದ್ದನ್ನು ನಾನು ಇಡುತ್ತಿದ್ದೆ, ಅವರು ಮುಂದಿನ ಸಲ ರಜೆಗೆ ಬರುವ ತನಕ. ಹೊಸದರ ರುಚಿ ನಾಲಿಗೆಯಲ್ಲಿ ಇದ್ದದ್ದರಿಂದಲೇ ಹಳೆಯದು ಎಷ್ಟು ಬದಲಾಗಿದೆ ಅಂತ ತಿಳಿಯುತ್ತಿತ್ತು. ಈಗಿನವರು ಒಂದೇ ಬಾಟಲಿ ತಂದು, ರುಚಿ ಕೂಡ ನೋಡದೆ ಮೂರು ವರ್ಷ ಇಡುತ್ತಾರೆ. ಆಮೇಲೆ ಅದು ಸುಧಾರಿಸಿತೋ ಹಾಳಾಯಿತೋ ಹೇಳುವವರು ಯಾರು? ಇಡಬೇಕು ಅಂತಿದ್ದರೆ ಮೂರು ತನ್ನಿ. ಒಂದನ್ನು ಈಗಲೇ ಕುಡಿಯಿರಿ. ಅದೇ ಚೆನ್ನಾಗಿದೆ ಅನಿಸಿದರೆ ಉಳಿದೆರಡನ್ನೂ ಆ ತಿಂಗಳೇ ಮುಗಿಸಿ, ಸುಮ್ನೆ ಕಾಯಬೇಡಿ.

ಯಾವುದನ್ನು ಇಡಬಹುದು ಅನ್ನುವುದು ಮೊದಲು ತಿಳಿದಿರಲಿ. ಅಂಗಡಿಯಲ್ಲಿ ಸ್ಟ್ರಾಂಗ್ ಅಂತ ಬರೆದು ಮಾರುವ ನಮ್ಮ ಬಿಯರ್ ಇದಕ್ಕೆ ಆಗುವುದಿಲ್ಲ. ಅದು ಲಾಗರ್, ಬೇಗ ಕುಡಿಯಲೆಂದೇ ಮಾಡಿದ್ದು. ಹಾಪ್ಸ್ ಹೂವಿನ ಪರಿಮಳ ಮೂಗಿಗೆ ಹೊಡೆಯುವ ಏಲ್, ಅದೆಷ್ಟೇ ಜೋರಿರಲಿ, ಇಡಬೇಡಿ. ಕೊತ್ತಂಬರಿ ಸೊಪ್ಪನ್ನು ಯಾರಾದರೂ ಆರು ತಿಂಗಳು ಇಡುತ್ತಾರೆಯೇ? ಆ ಪರಿಮಳ ಮೊದಲ ಕೆಲವು ತಿಂಗಳಲ್ಲೇ ಹಾರಿಹೋಗುತ್ತದೆ, ಕಹಿಯೂ ಇಳಿಯುತ್ತದೆ, ಕೊನೆಗೆ ಬರೀ ಸಪ್ಪೆ ಸಿಹಿ ಉಳಿಯುತ್ತದೆ. ಅಂಥದ್ದನ್ನು ಫ್ರಿಜ್ಜಿನಲ್ಲಿಟ್ಟು ಆದಷ್ಟು ಬೇಗ ಮುಗಿಸಿ.

ಇಡುವಂಥದ್ದು ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) ಜಾಸ್ತಿ ಇರುವ, ಬಣ್ಣ ಗಾಢವಾದ, ಮದ್ಯದ ಅಂಶ ಎಂಟು ಒಂಬತ್ತು ಶೇಕಡಾ ದಾಟಿದ ಏಲ್. ಬಾಟಲಿಯ ತಳದಲ್ಲಿ ಗಸಿ ಇದ್ದರೆ ಇನ್ನೂ ಒಳ್ಳೆಯದು. ಅದು ಈಸ್ಟ್. ಬಾಟಲಿ ತುಂಬುವಾಗ ಒಳಗೆ ಸೇರಿದ ಗಾಳಿಯನ್ನು ಅದು ಒಂದಿಷ್ಟು ತಿಂದು ಹಾಕುತ್ತದೆ, ಅದರಿಂದ ಏಲ್ ಬೇಗ ಮುಗ್ಗುವುದಿಲ್ಲ. ಇಂಗ್ಲೆಂಡಿನವರ ಬಾರ್ಲಿ ವೈನ್ ಈ ಜಾತಿಯದು. ಹೆಸರು ವೈನ್, ಆದರೆ ಅದು ಏಲೇ. ಲಂಡನ್ನಿನ ಫುಲ್ಲರ್ಸ್‌ನವರು 1997ರಿಂದ ವರ್ಷಕ್ಕೊಂದು ವಿಂಟೇಜ್ ಏಲ್ ಮಾಡುತ್ತಾರೆ, 8.5 ಶೇಕಡಾ, ಇಟ್ಟು ಕುಡಿಯಲೆಂದೇ. ಬೆಲ್ಜಿಯಂನ ಸನ್ಯಾಸಿ ಮಠಗಳ ಶಿಮೇ ನೀಲಿ 9 ಶೇಕಡಾ, ರೋಶ್‌ಫೋರ್ 10 ಅನ್ನುವ ಹೆಸರಿನದು 11.3 ಶೇಕಡಾ. ಇಂಥವು ಹೊಸತರಲ್ಲಿ ಸ್ವಲ್ಪ ಖಾರ, ಗಂಟಲು ಬಿಸಿಯಾಗುತ್ತದೆ. ವರ್ಷ ಕಳೆದರೆ ಆ ಚುರುಕು ತಗ್ಗಿ ಒಣದ್ರಾಕ್ಷಿ, ಖರ್ಜೂರ, ಜೋನಿಬೆಲ್ಲದ ರುಚಿ ಬರುತ್ತದೆ. ನಮ್ಮ ಮಿಡಿ ಉಪ್ಪಿನಕಾಯಿ ಎರಡನೇ ವರ್ಷಕ್ಕೆ ಹದಕ್ಕೆ ಬರುವುದಿಲ್ಲವೇ, ಹಾಗೆ.

ಆದರೆ ಅವರ ಲೆಕ್ಕ ನಮಗೆ ಹೊಂದುವುದಿಲ್ಲ. ಇಂಗ್ಲೆಂಡಿನ ದೊಡ್ಡ ಮನೆಗಳಲ್ಲಿ ಮಗ ಹುಟ್ಟಿದಾಗ ಜೋರಾದ ಏಲ್ ಮಾಡಿಟ್ಟು ಅವನಿಗೆ 21 ತುಂಬಿದಾಗ ತೆಗೆಯುವ ಪದ್ಧತಿ ಇತ್ತು. ಅವರ ನೆಲಮಾಳಿಗೆ ಹನ್ನೆರಡು ಹದಿಮೂರು ಡಿಗ್ರಿ. ನಮ್ಮಲ್ಲಿ ಬೇಸಿಗೆಯ ಮಧ್ಯಾಹ್ನ 30 ದಾಟುತ್ತದೆ. ಹತ್ತು ಡಿಗ್ರಿ ಏರಿದರೆ ಹಳತಾಗುವ ವೇಗ ಎರಡು ಪಟ್ಟೋ ಮೂರು ಪಟ್ಟೋ ಆಗುತ್ತದೆ. ಹಾಗಾಗಿ ಕರಾವಳಿಯಲ್ಲಿ ಫ್ರಿಜ್ಜಿನ ಹೊರಗೆ ಇಡುವುದಾದರೆ ಒಂದು ವರ್ಷ, ಬಹಳ ಅಂದರೆ ಒಂದೂವರೆ. ಅದಕ್ಕಿಂತ ಆಸೆ ಬೇಡ.

ಜಾಗ ಹೇಳುತ್ತೇನೆ. ಚಿರೆಕಲ್ಲಿನ ಹಳೇ ಮನೆಯಾದರೆ ನಡುವಿನ ಕತ್ತಲೆ ಕೋಣೆ, ನೆಲದ ಮೇಲೆ, ಹೊರಗೋಡೆಗೆ ತಾಗದ ಮೂಲೆ. ಮರದ ಪೆಟ್ಟಿಗೆಗೆ ಒಣ ಮರಳು ತುಂಬಿ ಬಾಟಲಿಯನ್ನು ಕತ್ತಿನವರೆಗೆ ಹೂತಿಡಿ. ಹಗಲು ರಾತ್ರಿಯ ಸೆಕೆ ತಂಪಿನ ಏರಿಳಿತ ಆಗ ಅಷ್ಟಾಗಿ ತಟ್ಟುವುದಿಲ್ಲ. ಸಮುದ್ರದ ಮರಳು ಬೇಡ, ಉಪ್ಪು ಇರುತ್ತದೆ. ನಿಲ್ಲಿಸಿಯೇ ಇಡಬೇಕು, ಮಲಗಿಸಬಾರದು. ಬಿಸಿಲು ಬಿದ್ದರೆ ಗಬ್ಬು ನಾತ ಬರುತ್ತದೆ, ಹಸಿರು ಗಾಜಿನದಾದರೆ ಇನ್ನೂ ಬೇಗ. ಫ್ಲ್ಯಾಟಿನವರು ಫ್ರಿಜ್ಜಿನ ತಳದಲ್ಲಿ ಹಿಂದೆ ಇಡಿ. ಬಾಗಿಲಿನಲ್ಲಿ ಬೇಡ, ದಿನಕ್ಕೆ ಇಪ್ಪತ್ತು ಸಲ ಕುಲುಕುತ್ತದೆ.

ಇನ್ನು ಮುಚ್ಚಳ. ಇದನ್ನು ಯಾರೂ ಮಾಡುವುದಿಲ್ಲ, ಹೇಳಿದರೆ ಕೇಳುವುದೂ ಇಲ್ಲ. ನಮ್ಮ ಗಾಳಿಯಲ್ಲಿ ಉಪ್ಪಿದೆ. ಒಂದು ಮಳೆಗಾಲ ಸಾಕು, ತಗಡಿನ ಮುಚ್ಚಳದ ಅಂಚು ಕೆಂಪಾಗುತ್ತದೆ. ತುಕ್ಕು ಒಳಗೆ ಹೊಕ್ಕಿತೋ, ಗಾಳಿಯೂ ಹೊಕ್ಕಿತು. ನಾನು ಮೇಣ ಹಚ್ಚುತ್ತೇನೆ. ಜೇನುಮೇಣ, ಶಿರಸಿ ಕಡೆಯ ಜೇನು ಸಾಕುವವರ ಹತ್ತಿರ ತಂದದ್ದು. ಅದಕ್ಕೆ ಮೇಣದಬತ್ತಿಯ ಒಂದು ಚಿಕ್ಕ ತುಂಡು ಸೇರಿಸಬೇಕು, ಬಿಗಿ ಬರಲಿಕ್ಕೆ. ಮೇಣದಬತ್ತಿ ಜಾಸ್ತಿಯಾದರೆ ಒಣಗಿದ ಮೇಲೆ ಬಿರುಕು ಬಿಟ್ಟು ಚಕ್ಕೆ ಚಕ್ಕೆಯಾಗಿ ಉದುರುತ್ತದೆ. ಬರೀ ಜೇನುಮೇಣವಾದರೆ ಏಪ್ರಿಲ್‌ನಲ್ಲಿ ಬೆರಳಿಗೆ ಅಂಟುತ್ತದೆ. ಒಂದೆರಡು ಸಲ ಮಾಡಿದರೆ ಕೈಗೆ ಗೊತ್ತಾಗುತ್ತದೆ.

ಫೆಬ್ರವರಿಯಲ್ಲೇ ಮಾಡಿಕೊಳ್ಳಿ, ಗಾಳಿ ಒಣ ಇರುವಾಗ. ಜೂನ್ ಬಂದ ಮೇಲೆ ಎದ್ದು ಓಡಾಡಿದರೆ ಏನೂ ಪ್ರಯೋಜನವಿಲ್ಲ, ತೇವ ಒಳಗೇ ಸಿಕ್ಕಿಕೊಂಡು ಮೇಣದ ಅಡಿಯಲ್ಲೇ ತುಕ್ಕು ಹಿಡಿಯುತ್ತದೆ. ಮುಚ್ಚಳವನ್ನು ಹಳೇ ಪಂಚೆಯ ತುಂಡಿನಿಂದ ಒರೆಸಿ. ಅಂಚಿನ ಒಂದೊಂದು ನೆರಿಗೆಯಲ್ಲೂ ಉಗುರಿಗೆ ಬಟ್ಟೆ ಸುತ್ತಿ ಎಳೆಯಿರಿ. ಆಮೇಲೆ ಬಾಟಲಿಯನ್ನು ಅಕ್ಕಿ ಡಬ್ಬಿಯೊಳಗೆ ಒಂದು ರಾತ್ರಿ ನಿಲ್ಲಿಸಿ, ಮುಚ್ಚಳದ ಮೇಲೂ ಅಕ್ಕಿ ಬರಬೇಕು. ಉಳಿದ ಪಸೆಯನ್ನು ಅಕ್ಕಿ ಎಳೆದುಕೊಳ್ಳುತ್ತದೆ. ಮಾರನೇ ದಿನ ಹಳೇ ತಗಡಿನ ಡಬ್ಬಿಯಲ್ಲಿ ಮೇಣ ಹಾಕಿ ಬಿಸಿನೀರಿನ ಪಾತ್ರೆಯಲ್ಲಿ ಕೂರಿಸಿ ಕರಗಿಸಿ. ನೇರ ಬೆಂಕಿಗೆ ಇಡಬೇಡಿ, ಹೊತ್ತಿಕೊಳ್ಳುತ್ತದೆ. ಕರಗಿದ ಮೇಲೆ ಕೆಳಗಿಳಿಸಿ ತುಸು ಹೊತ್ತು ಬಿಡಿ. ಅಂಚಿನಲ್ಲಿ ತೆಳುವಾಗಿ ಕೆನೆಗಟ್ಟಲು ಶುರುವಾದರೆ ಅದೇ ಹದ. ಬಾಟಲಿಯನ್ನು ತಲೆಕೆಳಗು ಮಾಡಿ, ಮುಚ್ಚಳ ಮತ್ತು ಅದರ ಕೆಳಗೆ ಒಂದು ಬೆರಳಿನಷ್ಟು ಕತ್ತು ಮುಳುಗಿಸಿ ತಕ್ಷಣ ಎತ್ತಿ. ಎತ್ತುವಾಗ ನಿಧಾನಕ್ಕೆ ತಿರುಗಿಸಿ, ಇಲ್ಲದಿದ್ದರೆ ಒಂದೇ ಕಡೆ ಗಡ್ಡೆ ಕಟ್ಟುತ್ತದೆ. ಹೊಳಪು ಹೋಗುವ ತನಕ ಕೈಯಲ್ಲೇ ಹಿಡಿದಿರಿ. ಮತ್ತೊಮ್ಮೆ ಅದ್ದಿ. ಎರಡು ಸಲ ಸಾಕು. ಆಮೇಲೆ ನೆಟ್ಟಗೆ ನಿಲ್ಲಿಸಿ, ತಂದ ತಿಂಗಳು ವರ್ಷ ಬರೆದ ಚೀಟಿ ಕತ್ತಿಗೆ ಕಟ್ಟಿ.

ಉಳಿದ ಮೇಣ ಬಿಸಾಡಬೇಡಿ. ಮಳೆಗಾಲದಲ್ಲಿ ಮರದ ಡ್ರಾಯರ್ ಉಬ್ಬಿ ಸಿಕ್ಕಿಕೊಳ್ಳುತ್ತದಲ್ಲ, ಅದರ ಅಂಚಿಗೆ ಉಜ್ಜಿ. ನಮ್ಮ ಸೊಸೆ ಎಣ್ಣೆ ಹಚ್ಚುತ್ತಾಳೆ. ಎಣ್ಣೆಗೆ ಧೂಳು ಕೂರುತ್ತದೆ, ಎಷ್ಟು ಸಲ ಹೇಳುವುದು?

ಮೇಣ ಹಚ್ಚಿದೆ ಅಂತ ಬಾಟಲಿಯನ್ನು ಮತ್ತೆ ಅಟ್ಟಕ್ಕೆ ಏರಿಸಬೇಡಿ ತಮಾ. ಸೆಕೆಗೆ ಮೇಣ ಏನೂ ಮಾಡಲಾರದು.

ಕುಡಿಯುವ ದಿನ ಮೇಣವನ್ನು ಚಾಕುವಿನಿಂದ ಮುಚ್ಚಳದ ಕೆಳಗೆ ಸುತ್ತ ಕೊಯ್ದು ತೆಗೆದು, ಬಾಯಿ ಒರೆಸಿ ಆಮೇಲೆ ತೆರೆಯಿರಿ. ಮಂಜಿನಂತೆ ತಣ್ಣಗೆ ಬೇಡ. ಫ್ರಿಜ್ಜಿನಿಂದ ತೆಗೆದು ಕಾಲು ಗಂಟೆ ಹೊರಗಿಟ್ಟರೆ ನಮ್ಮ ಹವೆಗೆ ಸರಿಯಾಗುತ್ತದೆ. ಚಿಕ್ಕ ಗ್ಲಾಸು, ಓರೆ ಹಿಡಿದು ಒಂದೇ ಧಾರೆಯಲ್ಲಿ ಸುರಿಯಿರಿ. ನಡುವೆ ನಿಲ್ಲಿಸಿ ನೆಟ್ಟಗೆ ಮಾಡಿದರೆ ಗಸಿ ಕದಡುತ್ತದೆ, ಆದ್ದರಿಂದ ಎರಡು ಗ್ಲಾಸೂ ಪಕ್ಕದಲ್ಲಿ ಸಿದ್ಧವಿರಲಿ. ತಳದ ಒಂದು ಬೆರಳಿನಷ್ಟು ಬಾಟಲಿಯಲ್ಲೇ ಬಿಡಿ. ತೆರೆದದ್ದನ್ನು ನಾಳೆಗೆ ಅಂತ ಮುಚ್ಚಿಡಬೇಡಿ, ಆ ರಾತ್ರಿಯೇ ಮುಗಿಯಬೇಕು.