ಬಣ್ಣದ ಡಬ್ಬ ಕೊನೆಗೆ ತೆರೆಯಿರಿ

ಮಳೆ ಹಿಂದೆ ಸರಿದು ಗದ್ದೆಯಲ್ಲಿ ಕದಿರು ಬಗ್ಗುವ ಹೊತ್ತಿಗೆ ಉಡುಪಿಯ ನಮ್ಮ ಕೋಡಿಬೆಂಗ್ರೆ ಕಡೆ ಎಲ್ಲರಿಗೂ ದೋಣಿಯ ನೆನಪಾಗುತ್ತದೆ. ಮೊನ್ನೆ ಪಕ್ಕದ ಮನೆಯ ಹುಡುಗ ಓಡಿ ಬಂದ. "ಅಜ್ಜಿ, ದೋಣಿಗೆ ನೀಲಿ ಹಚ್ಚಲಾ, ಹಸಿರು ಹಚ್ಚಲಾ?" ಎಂದು ಕೇಳಿದ. "ಡಬ್ಬ ಒಳಗಿಡು ಮಗ, ಬಣ್ಣ ಕೊನೆಗೆ" ಎಂದೆ. ಅವನಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ.

ನಮ್ಮದು 16 ಅಡಿಯ ಫೈಬರ್ ದೋಣಿ. ಮೀನು ಹಿಡಿಯಲು ಇಟ್ಟುಕೊಂಡದ್ದಲ್ಲ. ರಜೆಗೆ ಮೊಮ್ಮಕ್ಕಳು ಬಂದಾಗ ಸ್ವರ್ಣಾ ನದಿಯ ಕುದ್ರುಗಳ (ನಡುಗಡ್ಡೆಗಳ) ಸುತ್ತ, ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ನಡುವೆ ಒಂದು ಸುತ್ತು ಹೋಗಿ ಬರಲು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದು ತೆಂಗಿನ ಮಡಲಿನ ಚಪ್ಪರದ ಕೆಳಗೆ ಕವುಚಿ ಮಲಗಿರುತ್ತದೆ. ಆಯುಧಪೂಜೆಯ ದಿನ ಹೂ ಮುಡಿಸಿ ನೀರಿಗೆ ಇಳಿಸುವುದು ನಮ್ಮ ರೂಢಿ. ಹಾಗಾಗಿ ಹದಿನೈದು ದಿನ ಮೊದಲೇ ಕೆಲಸ ಶುರು.

ಟಾರ್ಪಾಲು ಎತ್ತುವಾಗ ಅವಸರ ಬೇಡ. ಒಳಗೆ ಕಣಜದ ಗೂಡಿರಬಹುದು, ಹಾವೂ ಇರಬಹುದು. ಉದ್ದ ಕೋಲಿನಿಂದ ಟಾರ್ಪಾಲು ಸರಿಸಿ ಸ್ವಲ್ಪ ಹೊತ್ತು ಬಿಟ್ಟುಬಿಡಿ. ಆಮೇಲೆ ಸಿಹಿನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಿ, ಒಂದು ನಾಣ್ಯ ಹಿಡಿದು ತಳವನ್ನೆಲ್ಲ ಮೆಲ್ಲಗೆ ತಟ್ಟುತ್ತಾ ಬನ್ನಿ. ಗಟ್ಟಿ ಇದ್ದ ಕಡೆ ಟಣ್ ಎನ್ನುತ್ತದೆ. ಪದರ ಬಿಟ್ಟ ಕಡೆ, ನೀರು ಕುಡಿದ ಕಡೆ ಸದ್ದು ಸತ್ತಿರುತ್ತದೆ. ಅಂಥಲ್ಲಿ ಸೀಮೆಸುಣ್ಣದಲ್ಲಿ ಗುರುತು ಹಾಕಿ. ಮೇಲಿನ ಕೂದಲೆಳೆಯಂಥ ಗೆರೆಗಳಿಗೆ ಜಾಸ್ತಿ ಹೆದರಬೇಡಿ. ಆದರೆ ಕೂರುವ ಹಲಗೆಯ ಮೂಲೆಯಲ್ಲಿ, ಎಂಜಿನ್ ಕೂರಿಸುವ ಹಿಂಬದಿಯ ಹಲಗೆಯಲ್ಲಿ ಬಿರುಕು ಕಂಡರೆ ಬಿಡಬೇಡಿ. ಭಾರವೆಲ್ಲ ಬೀಳುವುದು ಅಲ್ಲಿಯೇ.

ನನ್ನ ಇನ್ನೊಂದು ಉಪಾಯ ಇದೆ. ಕವುಚಿದ ದೋಣಿಯನ್ನು ಬಾಯಿ ಮೇಲಾಗಿ ತಿರುಗಿಸಿ ತೆಂಗಿನ ದಿಮ್ಮಿಯ ಮೇಲೆ ಸರಿಯಾಗಿ ಕೂರಿಸಿ, ಒಳಗೆ ನಾಲ್ಕೈದು ಬಕೆಟ್ ನೀರು ಹಾಕಿ. ಅರ್ಧ ಗಂಟೆ ಬಿಟ್ಟು ಹೊರಗಿನಿಂದ ನೋಡಿ. ನಮ್ಮ ಕಣ್ಣಿಗೆ ಬೀಳದ ಬಿರುಕನ್ನು ನೀರು ತಾನೇ ತೋರಿಸುತ್ತದೆ. ತೇಪೆ ಹಾಕುವ ಮೊದಲು ಆ ಜಾಗ ಎರಡು ಮೂರು ದಿನ ಬಿಸಿಲು ಕಾಣಬೇಕು. ಒದ್ದೆಯ ಮೇಲೆ ರೆಸಿನ್, ಅಂದರೆ ತೇಪೆಯ ಅಂಟು, ಹಿಡಿಯುವುದಿಲ್ಲ. ಬಿರುಕಿಗಿಂತ ನಾಲ್ಕು ಬೆರಳು ಅಗಲಕ್ಕೆ ಒರಟು ಕಾಗದದಲ್ಲಿ ಉಜ್ಜಿ. ತೇಪೆಗೆ ಹಾಕುವ ಗಾಜಿನ ನಾರಿನ ಮ್ಯಾಟನ್ನು ಚೌಕ ಕತ್ತರಿಸಬೇಡಿ, ಮೂಲೆ ದುಂಡಗಿರಲಿ, ಇಲ್ಲವಾದರೆ ಮೂಲೆಯಿಂದಲೇ ಎದ್ದು ಬರುತ್ತದೆ. ಪಾಲಿಯೆಸ್ಟರ್ ರೆಸಿನ್ನಿಗೆ ಹಾರ್ಡನರ್ ನೂರಕ್ಕೆ ಒಂದೋ ಎರಡೋ ಪಾಲು ಸಾಕು. ಬೇಗ ಗಟ್ಟಿಯಾಗಲಿ ಎಂದು ಜಾಸ್ತಿ ಸುರಿದರೆ ಡಬ್ಬದಲ್ಲೇ ಕಾದು ಹೊಗೆ ಬರುತ್ತದೆ. ಕೈಗವಸು, ಕನ್ನಡಕ ಹಾಕಿಕೊಳ್ಳಿ. ಹಾರ್ಡನರ್ ಕಣ್ಣಿಗೆ ಹಾರಿದರೆ ದೃಷ್ಟಿಗೇ ಅಪಾಯ.

ಮರದ ದೋಣಿ ಇದ್ದವರಿಗೆ ಬೇರೆ ಲೆಕ್ಕ. ಮರ ಒಣಗಿದಷ್ಟೂ ಹಲಗೆಗಳ ಸಂದು ಬಾಯಿ ಬಿಡುತ್ತದೆ. ಸಂದಿಗೆ ಹತ್ತಿ ತುಂಬಿ, ಗೇರು ಎಣ್ಣೆ ಹಚ್ಚಿ ಒಣಗಿಸಿ, ಆಮೇಲೆ ಎರಡು ಮೂರು ದಿನ ಆಳವಿಲ್ಲದ ನೀರಿನಲ್ಲಿ ಕಟ್ಟಿಡಿ. ಮರ ಉಬ್ಬಿ ಸಂದು ಮುಚ್ಚಿಕೊಳ್ಳುತ್ತದೆ. ಗೇರು ಎಣ್ಣೆ ಬರಿಗೈಗೆ ತಾಗಿದರೆ ಚರ್ಮ ಸುಡುತ್ತದೆ, ನೆನಪಿರಲಿ.

ಇನ್ನು ಎಂಜಿನ್. ಸುಮಾರು ಹದಿನೈದು ವರ್ಷದ ಹಿಂದಿನ ಮಾತು. ದೋಣಿಗೆ ಚೆಂದ ಬಣ್ಣ ಹೊಡೆದು, ಎಂಜಿನ್ ಮುಟ್ಟಿಯೂ ನೋಡದೆ ಹೊರಟಿದ್ದೆವು. ಮಗ, ಸೊಸೆ, ಪುಟ್ಟ ಮೊಮ್ಮಗಳು, ನಾನು. ನಡುನದಿಯಲ್ಲಿ ಎಂಜಿನ್ ಕಾದು ನಿಂತುಹೋಯಿತು. ಇಳಿತದ ಹೊತ್ತು. ನೀರಿನ ಸೆಳೆತ ನಮ್ಮನ್ನು ಸೀದಾ ಅಳಿವೆಯ ಕಡೆಗೆ ಒಯ್ಯತೊಡಗಿತು. ಸ್ವರ್ಣೆಯೂ ಸೀತೆಯೂ ಕೂಡಿ ಸಮುದ್ರ ಸೇರುವ ಜಾಗ ಅದು, ಅಲ್ಲಿಯ ಅಲೆಗೆ ನಮ್ಮಂಥ ದೋಣಿ ಲೆಕ್ಕಕ್ಕಿಲ್ಲ. ಹುಟ್ಟು ಚಪ್ಪರದಲ್ಲೇ ಉಳಿದಿತ್ತು. ಲಂಗರು ಹಾಕಿದರೆ ಹಗ್ಗ ಪಟ್ಟನೆ ಹರಿಯಿತು. ಬಲೆ ಬಿಡುತ್ತಿದ್ದವರು ನೋಡಿ ಎಳೆದು ತಂದರು. ಮಗುವನ್ನು ಅವುಚಿ ಹಿಡಿದುಕೊಂಡ ಆ ಇಪ್ಪತ್ತು ನಿಮಿಷ ನನಗೆ ಇವತ್ತಿಗೂ ಮರೆತಿಲ್ಲ.

ಕೆಟ್ಟದ್ದು ಏನು ಅಂದರೆ, ಎಂಜಿನ್ನಿಗೆ ತಂಪು ನೀರು ಎತ್ತಿ ಕೊಡುವ ಪಂಪಿನ ಒಳಗಿನ ರಬ್ಬರ್ ಚಕ್ರ. ಇಂಪೆಲ್ಲರ್ ಎನ್ನುತ್ತಾರೆ. ನಾಲ್ಕು ತಿಂಗಳು ಸುಮ್ನೆ ಕೂತರೆ ಅದರ ಎಸಳು ಬಾಗಿ ಹಾಗೇ ಬಿರುಸಾಗಿ ಸೀಳುತ್ತದೆ. ಈಗ ನಾನು ಪ್ರತಿ ವರ್ಷ ಬಿಚ್ಚಿಸಿ ನೋಡಿಸುತ್ತೇನೆ. ಸ್ವಲ್ಪ ಅನುಮಾನ ಬಂದರೂ ಹೊಸದು ಹಾಕಿಸುತ್ತೇನೆ. ಎಂಜಿನ್ನನ್ನು ಡ್ರಮ್ಮಿನ ನೀರಿನಲ್ಲಿ ಇಳಿಸಿಯೇ ಚಾಲೂ ಮಾಡಿ, ಒಣದಾಗಿ ಒಂದು ಕ್ಷಣವೂ ಓಡಿಸಬೇಡಿ. ಹಿಂಬದಿಯಿಂದ ನೀರಿನ ಧಾರೆ ಚಿಮ್ಮುತ್ತಿದ್ದರೆ ಪಂಪು ಸರಿ ಇದೆ. ಧಾರೆ ಇಲ್ಲವೋ, ಕೂಡಲೇ ಬಂದ್ ಮಾಡಿ.

ಗೇರ್ ಆಯಿಲ್ ಸ್ವಲ್ಪ ಇಳಿಸಿ ನೋಡಿ. ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ ಒಳಗೆ ನೀರು ಹೋಗಿದೆ ಎಂದೇ ಅರ್ಥ. ಹಲವು ಸಲ ಕಾರಣ ನೀರಿನೊಳಗೆ ತಿರುಗಿ ದೋಣಿಯನ್ನು ತಳ್ಳುವ ಫ್ಯಾನಿನ ಹಿಂದೆ ಸುತ್ತಿಕೊಂಡ ಗಾಳದ ನೈಲಾನ್ ದಾರ, ಅದು ಸೀಲನ್ನು ಕೊಯ್ದಿರುತ್ತದೆ. ಫ್ಯಾನ್ ಕಳಚಿ, ದಾರ ತೆಗೆದು, ಗ್ರೀಸ್ ಹಚ್ಚಿ, ಹೊಸ ಪಿನ್ ಹಾಕಿ ಕೂರಿಸಿ. ಸೀಲ್ ಬದಲಿಸುವುದು ಮೆಕ್ಯಾನಿಕ್ ಕೆಲಸ. ಎಂಜಿನ್ನಿಗೆ ಕೂರಿಸಿರುವ ಸತುವಿನ ತುಂಡು ಅರ್ಧ ಸವೆದಿದ್ದರೆ ಬದಲಿಸಿ. ಉಪ್ಪುನೀರು ಮೊದಲು ಅದನ್ನು ತಿನ್ನುತ್ತದೆ, ಅದು ಮುಗಿದರೆ ಎಂಜಿನ್ನನ್ನು. ಕಳೆದ ವರ್ಷದ ಪೆಟ್ರೋಲನ್ನು ಖಂಡಿತ ಬಳಸಬೇಡಿ. ಈಗಿನ ಪೆಟ್ರೋಲಿನಲ್ಲಿ ಶೇ 20ರವರೆಗೆ ಎಥನಾಲ್ ಇರುತ್ತದೆ, ಅದು ಗಾಳಿಯ ತೇವ ಹೀರುತ್ತದೆ. ನಮ್ಮ ಮಳೆಗಾಲದ ತೇವ ಕೇಳಬೇಕೇ!

ಲೈಫ್ ಜಾಕೆಟ್ ವಿಷಯದಲ್ಲಿ ನಾನು ಯಾರ ಮಾತನ್ನೂ ಕೇಳುವುದಿಲ್ಲ. ಬಿಸಿಲಿಗೆ ಬಣ್ಣ ಮಾಸಿದ ಬಟ್ಟೆ ಉಗುರಿಗೇ ಹರಿಯುತ್ತದೆ. ಇಲಿ ಒಳಗಿನ ಸ್ಪಂಜನ್ನು ಕಡಿದಿರುತ್ತದೆ. ಪ್ರತಿಯೊಬ್ಬರೂ ಅವರವರದ್ದನ್ನು ಹಾಕಿಕೊಂಡು ಎದೆಮಟ್ಟದ ನೀರಿನಲ್ಲಿ ಕಾಲೆತ್ತಿ ನೋಡಬೇಕು. ಬಾಯಿ ನೀರಿನ ಮೇಲೆ ಇರಬೇಕು. ಮಕ್ಕಳಿಗೆ ಕಾಲಸಂದಿಯ ಪಟ್ಟಿ ಇರುವುದೇ ಆಗಬೇಕು, ಇಲ್ಲದಿದ್ದರೆ ಜಾಕೆಟ್ ಮೇಲೇರಿ ಮಗು ಕೆಳಗೆ ಜಾರುತ್ತದೆ. ಹೋದ ವರ್ಷದ ಅಳತೆ ಈ ವರ್ಷ ಆಗುವುದಿಲ್ಲ, ಮಕ್ಕಳು ಬೆಳೆಯುತ್ತಾರೆ ಅಲ್ವಾ.

ಲಂಗರಿನ ಹಗ್ಗವನ್ನು ಎಳೆ ಬಿಡಿಸಿ ಒಳಗೂ ನೋಡಿ. ಹುಟ್ಟು ಎರಡು, ನೀರು ಮೊಗೆಯುವ ಡಬ್ಬ ಒಂದು ದೋಣಿಗೇ ಕಟ್ಟಿರಲಿ. ತಳದ ತೂತಿನ ಬೂಚನ್ನು ನಾನು ಎಂಜಿನ್ ಕಿಲ್ ಸ್ವಿಚ್ಚಿನ (ಕಿತ್ತರೆ ಎಂಜಿನ್ ನಿಲ್ಲಿಸುವ) ದಾರಕ್ಕೇ ಕಟ್ಟಿ ಮನೆಯೊಳಗೆ ಇಡುತ್ತೇನೆ. ದಾರ ಇಲ್ಲದೆ ಎಂಜಿನ್ ಚಾಲೂ ಆಗುವುದಿಲ್ಲ, ದಾರ ಕೈಗೆ ಬಂದಾಗ ಬೂಚೂ ಬರುತ್ತದೆ. ನೋಂದಣಿ, ವಿಮೆಯ ಕಾಗದದ ತಾರೀಕು ನೋಡಿಕೊಳ್ಳಿ.

ನದಿಯನ್ನೂ ಹೊಸದಾಗಿ ತಿಳಿದುಕೊಳ್ಳಬೇಕು. ಮಳೆಗಾಲದ ನೆರೆ ಮರಳ ದಿಬ್ಬಗಳನ್ನು ಅತ್ತಿತ್ತ ಮಾಡಿರುತ್ತದೆ. ದೋಣಿ ನಿಲ್ಲುವ ಧಕ್ಕೆಯಲ್ಲಿ ಮೀನಿಗೆ ಹೋಗುವವರನ್ನು ಕೇಳಿ, ಆಳ ಎಲ್ಲಿದೆ ಎಂದು ಹೇಳುತ್ತಾರೆ. ಭರತ, ಅಂದರೆ ಉಬ್ಬರ, ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸು ಸೆಳೆತ ಜೋರು. ಮೊದಲ ಸುತ್ತಿಗೆ ಈಜು ಬರುವ ಇಬ್ಬರು ದೊಡ್ಡವರು ಮಾತ್ರ, ಭರತ ಏರುವ ಹೊತ್ತಿನಲ್ಲಿ, ದಡದ ಪಕ್ಕದಲ್ಲೇ ಹೋಗಿ ಬರಲಿ. ಎಂಜಿನ್ ನಿಂತರೂ ನೀರು ನಿಮ್ಮನ್ನು ಒಳಗಡೆಗೇ ತಳ್ಳುತ್ತದೆ. ಮಕ್ಕಳ ಸರದಿ ಮಾರನೆ ದಿನ.

ಆ ಹುಡುಗ ನಿನ್ನೆ ಮತ್ತೆ ಬಂದಿದ್ದ. ತಟ್ಟಿದ್ದೂ ಆಯಿತು, ತೇಪೆಯೂ ಆಯಿತು, ಡ್ರಮ್ಮಿನಲ್ಲಿ ಧಾರೆಯೂ ಬಂತು ಎಂದ. "ಹಾಗಾದರೆ ಡಬ್ಬ ತೆರೆ. ನೀಲಿಯೂ ಬೇಡ, ಹಸಿರೂ ಬೇಡ, ಎರಡೂ ನೀರಿನಲ್ಲಿ ಕಾಣುವುದಿಲ್ಲ. ಕಿತ್ತಳೆ ತಾ, ದೂರದಿಂದ ಕಾಣುತ್ತದೆ" ಎಂದೆ.