ಚೆಂಡೆ ತೆಗೆದು ನೋಡಿದಾಗ

ಮದುವೆ ವಿಡಿಯೊ ಎಡಿಟ್ ಮಾಡಿ ಬದುಕುವವನು ನಾನು. ಈಸ್ಟ್ ಇಂಡಿಯಾ ಕಂಪನಿಯ ಆಳ್ವಿಕೆಯ ವಿರುದ್ಧ ಸುಳ್ಯ ಸೀಮೆಯ ಜನ ಎದ್ದ 1837ರ ಅಮರ ಸುಳ್ಯ ದಂಗೆಯ ಕುರಿತು ಇಪ್ಪತ್ತೆರಡು ನಿಮಿಷಗಳ ಸಾಕ್ಷ್ಯಚಿತ್ರಕ್ಕೆ ಕೈಹಾಕಿದಾಗ, ಪಕ್ಷಪಾತ ಎನ್ನುವುದು ಬೇರೆಯವರ ಸಿನಿಮಾಗಳ ರೋಗ ಎಂದೇ ನಂಬಿದ್ದೆ.

ಮೊದಲ ತೊಡಕು ಹೆಸರಿನದು. ಬೆಳ್ಳಾರೆ ಕಡೆಯವಳಾದ ನನ್ನ ಅಜ್ಜಿ ಇದನ್ನು ‘ಕಲ್ಯಾಣಪ್ಪನ ಕಾಟಕಾಯಿ’ ಎನ್ನುತ್ತಿದ್ದಳು. ಕಾಟಕಾಯಿ ಎಂದರೆ ಲೂಟಿ, ದರೋಡೆ. ಈಗಿನವರ ಬಾಯಲ್ಲಿ ಅದು ಸ್ವಾತಂತ್ರ್ಯ ಸಮರ. ಓದಿಕೊಂಡವರು ರೈತ ದಂಗೆ ಎನ್ನುತ್ತಾರೆ. ಖರ್ಚಿಗೆ ಹಣ ಕೊಟ್ಟವರಿಗೆ ಎರಡನೆಯದು ಇಷ್ಟ, ಹಾಗಾಗಿ ನಾನೂ ಶೀರ್ಷಿಕೆಯಲ್ಲಿ ಅದನ್ನೇ ಬರೆದೆ. ಸಿನಿಮಾ ಶುರುವಾಗುವ ಮೊದಲೇ ತೀರ್ಪು ಹೊರಬಿದ್ದಿತ್ತು.

ರಫ್ ಕಟ್ ಹೀಗಿತ್ತು: ಮಾರ್ಚ್ 30ರಂದು ಬೆಳ್ಳಾರೆ ಖಜಾನೆ ವಶ, ಕೆಳಗಿನಿಂದ ಚೆಂಡೆ. ಬಂಟ್ವಾಳದ ನೇತ್ರಾವತಿಯ ಮೇಲೆ ಡ್ರೋನ್. ಏಪ್ರಿಲ್ 5ಕ್ಕೆ ಮಂಗಳೂರು, ಬಾವುಟಗುಡ್ಡೆಯಲ್ಲಿ ಬಾವುಟ. ಎರಡು ವಾರ ಕಳೆಯುವಷ್ಟರಲ್ಲಿ ಬ್ರಿಟಿಷ್ ಸೈನ್ಯ, ಆಮೇಲೆ ಬಿಕರ್ನಕಟ್ಟೆಯಲ್ಲಿ ದಂಗೆಯ ನಾಯಕರಿಗೆ ನೇಣು, ಅಲ್ಲಿ ಕೊಳಲು. ಒಂದೇ ಒಂದು ಸುಳ್ಳಿರಲಿಲ್ಲ. ಹೆಮ್ಮೆಯಿಂದ ಪರಿಚಯದ ನಿವೃತ್ತ ಇತಿಹಾಸ ಮೇಷ್ಟ್ರಿಗೆ ತೋರಿಸಿದೆ. ಮುಗಿಯುವವರೆಗೂ ಸುಮ್ಮನಿದ್ದು ಕೇಳಿದರು: “ಬೆಂಕಿ ಎಲ್ಲಿ ಹೋಯಿತು ಮಾರಾಯರೇ?”

ದಂಗೆಕೋರರು ಮಂಗಳೂರಿನಲ್ಲಿ ಕಚೇರಿ ಸುಟ್ಟದ್ದು, ಸೆರೆಮನೆಯ ಕೈದಿಗಳನ್ನು ಬಿಟ್ಟದ್ದು ಕಂಪನಿ ಕಾಲದ ದಾಖಲೆಗಳಲ್ಲಿದೆ. ನಾನು ಓದಿದ್ದೆ, ಟಿಪ್ಪಣಿಯನ್ನೂ ಮಾಡಿಕೊಂಡಿದ್ದೆ. ಬ್ರಿಟಿಷರು ಉಪ್ಪು ಖಾರ ಹಚ್ಚಿ ಬರೆದಿರುತ್ತಾರೆ ಎಂದು ಬದಿಗಿಟ್ಟಿದ್ದೆ. ಆದರೆ ಜನ ಭಾರೀ ಸಂಖ್ಯೆಯಲ್ಲಿ ನುಗ್ಗಿದರು ಎನ್ನುವುದನ್ನು ಅದೇ ದಾಖಲೆಗಳಿಂದ ಎರಡು ಮಾತಿಲ್ಲದೆ ಎತ್ತಿಕೊಂಡಿದ್ದೆ. ಜನಸಂದಣಿಗೆ ನಂಬಿಕಸ್ಥನಾದ ಗುಮಾಸ್ತ, ಬೆಂಕಿಯ ವಿಷಯ ಬಂದ ಕೂಡಲೇ ನನಗೆ ಸುಳ್ಳುಗಾರನಾಗಿದ್ದ. ಆ ರಾತ್ರಿ ಟೈಮ್‌ಲೈನ್ ಎದುರು ಕುಳಿತು ನಾಚಿಕೊಂಡೆ.

ಮರುದಿನ ಎಲ್ಲ ಸಂಗೀತವನ್ನೂ ತೆಗೆದು ನೋಡಿದೆ. ಚೆಂಡೆಯಿಲ್ಲದ ಬಾವುಟಗುಡ್ಡೆ ಬರೀ ಗುಡ್ಡ, ಪಕ್ಕದಲ್ಲಿ ವಾಹನಗಳ ಸಾಲು. 2022ರಲ್ಲಿ ಅಲ್ಲಿ ನಿಲ್ಲಿಸಿದ, ದಂಗೆಯ ಮುಂದಾಳು ಕೆದಂಬಾಡಿ ರಾಮಯ್ಯ ಗೌಡರ ಪ್ರತಿಮೆಯನ್ನು ನೆಲಮಟ್ಟದಿಂದ ಚಿತ್ರೀಕರಿಸಿ ಮೊದಲ ದೃಶ್ಯವಾಗಿ ಇಟ್ಟಿದ್ದೆ. ಪ್ರತಿಮೆಯಿಂದ ಶುರುವಾದ ಕಥೆಯಲ್ಲಿ ಪ್ರಶ್ನೆಗೆ ಜಾಗವೆಲ್ಲಿ? ಅದನ್ನು ಕೊನೆಗೆ ಒಯ್ದೆ, ಕಣ್ಣಿನ ಮಟ್ಟದಿಂದ ಮತ್ತೆ ಚಿತ್ರಿಸಿ.

ಹೆಚ್ಚು ಕಾಡಿದವನು ಪುಟ್ಟಬಸಪ್ಪ. ಕಲ್ಯಾಣಸ್ವಾಮಿ ಎಂದು ಜನ ಹಿಂಬಾಲಿಸಿದ್ದು ಇವನನ್ನು, ಅಜ್ಜಿಯ ಮಾತಿನ ಕಲ್ಯಾಣಪ್ಪ ಇವನೇ. ಕೊಡಗನ್ನು ಆಳಿದ ಹಾಲೇರಿ ಅರಸರ ವಂಶದ ಹೆಸರು ಹೊತ್ತವನು, ವಂಶದವನಲ್ಲ. ನನ್ನ ಮೊದಲ ಪ್ರತಿಯಲ್ಲಿ ಈ ಸಂಗತಿ ಹತ್ತೊಂಬತ್ತನೆಯ ನಿಮಿಷದಲ್ಲಿ, ಮಳೆಯ ಸದ್ದಿನ ಅಡಿಯಲ್ಲಿ ಒಂದೇ ವಾಕ್ಯವಾಗಿತ್ತು. ಹೇಳಿದ ಹಾಗೂ ಆಯಿತು, ಯಾರಿಗೂ ಕೇಳಿಸದ ಹಾಗೂ ಆಯಿತು. ಅದನ್ನು ನಾಲ್ಕನೆಯ ನಿಮಿಷಕ್ಕೆ ತಂದೆ. ನಾಯಕ ಕುಗ್ಗುತ್ತಾನೆ ಎಂಬ ಹೆದರಿಕೆಯಿತ್ತು. ಆದದ್ದೇ ಬೇರೆ. ವೇಷ ಮೊದಲೇ ಗೊತ್ತಾದ ಮೇಲೆ, ಹಾಗಾದರೆ ಜನ ಯಾಕೆ ಹೊರಟರು ಎಂದು ನೋಡುವವರು ಕೇಳತೊಡಗಿದರು. 1834ರಲ್ಲಿ ಕೊಡಗು ಕಂಪನಿಯ ಕೈಸೇರಿ ಅಮರ ಸುಳ್ಯವನ್ನು ಕೆನರಾ ಜಿಲ್ಲೆಗೆ ಸೇರಿಸಿದ್ದು, ದವಸದಲ್ಲಿ ಕೊಡುತ್ತಿದ್ದ ಕಂದಾಯವನ್ನು ನಗದಾಗಿ ಕೇಳಿದ್ದು, ಇವೆಲ್ಲ ಆಗ ತಾವಾಗಿ ಮುಂದೆ ಬಂದವು. ಚೆಂಡೆಯ ಕಟ್‌ನಲ್ಲಿ ಈ ಕಂದಾಯದ ಮಾತಿಗೆ ನಾನು ಕೊಟ್ಟಿದ್ದು ಎಂಟು ಸೆಕೆಂಡು!

ಕಂಪನಿಯ ಪರ ನಿಂತ ಕೊಡಗಿನವರನ್ನು ನಿರೂಪಣೆಯಲ್ಲಿ ದ್ರೋಹಿಗಳು ಎಂದಿದ್ದೆ. ಆ ಪದ ಕಿತ್ತು, ಅವರಿಗೆ ಕಂಪನಿ ಪದಕ ಕೊಟ್ಟಿತು ಎಂದಷ್ಟೇ ಉಳಿಸಿದೆ. ಶೀರ್ಷಿಕೆಯಲ್ಲಿ ಈಗ ಊರು ಮತ್ತು ವರ್ಷ ಮಾತ್ರ. ಮೂರು ಹೆಸರುಗಳನ್ನು ಮೂವರು ತಮ್ಮ ತಮ್ಮ ಬಾಯಲ್ಲೇ ಹೇಳುತ್ತಾರೆ.

ಸುಳ್ಯದಲ್ಲಿ ತೋರಿಸಿದಾಗ ಒಬ್ಬರು ಬೆಂಕಿ ಯಾಕೆ ಬೇಕಿತ್ತು ಎಂದು ಎದ್ದು ಹೋದರು. ಇನ್ನೊಬ್ಬರಿಗೆ ಕಾಟಕಾಯಿ ಎಂಬ ಮಾತೇ ಅವಮಾನ. ಹಣ ಕೊಟ್ಟವರು ತಮ್ಮ ಹೆಸರು ತೆಗೆಯಲು ಹೇಳಿದರು, ತೆಗೆದೆ. ನೇತ್ರಾವತಿ ದಾಟುವಲ್ಲಿ ಮಾತ್ರ ಹನ್ನೊಂದು ಸೆಕೆಂಡು ಚೆಂಡೆ ಹಾಗೆಯೇ ಇದೆ. ಮೇಷ್ಟ್ರು ಅದನ್ನೂ ತೆಗೆಯಲು ಹೇಳಿದ್ದರು. ಆಗಲಿಲ್ಲ, ಕೇಳಲು ಅಷ್ಟು ಚೆನ್ನಾಗಿದೆ.